ಸಂತೆಬೆನ್ನೂರಿನ ನಾಯಕರ ವಂಶ

ಕೆರೆ ಕಟ್ಟಿಸಿ, ಪೇಟೆ ನೆಲೆಗೊಳಿಸಿ ಊರುಗಳನ್ನು ಬೆಳೆಸಿದ ಮನೆತನಗಳ ಪೂರ್ವೋತ್ತರವನ್ನು ಅರಸಹೊರಟವರಿಗೆ ಚನ್ನಗಿರಿಯ ಸೀಮೆಯಲ್ಲಿ ಮೊದಲು ಎದುರಾಗುವುದು, ಬಸವಾಪಟ್ಟಣದಲ್ಲಿ ತಲೆಯೆತ್ತಿ, ಸಂತೆಬೆನ್ನೂರಿನಲ್ಲಿ ವೈಭವಕ್ಕೇರಿ, ಕಡೆಗೆ ತರೀಕೆರೆಯಲ್ಲಿ ನೆಲೆನಿಂತ ನಾಯಕರ ವಂಶ.

16ನೆಯ ಶತಮಾನದಲ್ಲಿ ಹನುಮಪ್ಪ ನಾಯಕನು ಸಂತೆಬೆನ್ನೂರಿನಲ್ಲಿ ನಿರ್ಮಿಸಿದ ಪುಷ್ಕರಿಣಿಯ ಶಿಲಾಸೋಪಾನಗಳ ಮೇಲೆ ನಿಂತು, ನೀರಿನ ನಡುವಣ ವಸಂತ ಮಂಟಪವನ್ನು ಕಣ್ತುಂಬ ಕಂಡವರಿಗೆ, ಒಬ್ಬ ಪಾಳೆಯಗಾರನ ರಸದೃಷ್ಟಿ ಎಷ್ಟು ಉನ್ನತವಾಗಿದ್ದಿತೆಂಬುದಕ್ಕೆ ಬೇರೆ ಪ್ರಮಾಣ ಬೇಕಾಗದು. ಆತನು ಆರಾಧಿಸಿದ ರಂಗನಾಥನ ಗುಡಿಯು 17ನೆಯ ಶತಮಾನದಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾಖಾನನ ದಾಳಿಗೆ ಸಿಕ್ಕಿ ಅಳಿಯಿತು. ಕೊಳದ ಬದಿಯಲ್ಲಿ ಮುಸಾಫಿರಖಾನೆ ಎದ್ದಿತು. ವಂಶವಾದರೋ ಅಳಿಯಲಿಲ್ಲ. 1830ರ ನಗರ ಸೀಮೆಯ ದಂಗೆಯಲ್ಲಿ ತರೀಕೆರೆಯ ನಾಯಕರು ಮತ್ತೆ ಕತ್ತಿ ಹಿರಿದರು. ಆ ದಂಗೆಯ ಬೆನ್ನಿಗೇ, 1831ರಲ್ಲಿ, ಮೈಸೂರಿನ ಆಡಳಿತವು ಆಂಗ್ಲರ ಕೈಸೇರಿತು.

ನಾಯಕರ ವಂಶಕ್ಕೆ ಕಲ್ಲು ಸಾಕ್ಷಿಯಾದರೆ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಒಕ್ಕಲುಮನೆಗಳಿಗೆ ಸಾಕ್ಷಿಯಾದವರು ಹೆಳವರು. ಎತ್ತನ್ನೇರಿ, ಗಂಟೆ ನುಡಿಸುತ್ತ ಮನೆಯಂಗಳಕ್ಕೆ ಬಂದು, ಮೂಲಪುರುಷನಾರು, ಆತನು ಯಾವ ಊರಿನಿಂದ ಬಂದನು, ಅಣ್ಣತಮ್ಮಂದಿರು ಎಲ್ಲೆಲ್ಲಿಗೆ ಕವಲೊಡೆದರೆಂಬುದನ್ನು ಕೊಂಡಾಡಿ, ಹೊಸದಾಗಿ ಹುಟ್ಟಿದ ಮಕ್ಕಳ ಹೆಸರುಗಳನ್ನು ತಮ್ಮ ಹೊತ್ತಗೆಗೆ ಏರಿಸಿಕೊಂಡು, ದವಸಧಾನ್ಯ, ಬಟ್ಟೆಬರೆ, ಕೆಲವೊಮ್ಮೆ ದನಕರುಗಳನ್ನೂ ದಾನವಾಗಿ ಪಡೆದು ಅವರು ಮುಂದಿನ ಊರಿಗೆ ತೆರಳುವರು. ಯಾವ ಅರಸನೂ ಬರೆಯಿಸದ ಚರಿತ್ರೆಯಿದು. ಇದನ್ನು ಭಿಕ್ಷಾವೃತ್ತಿಯೆಂದು ಕಡೆಗಣಿಸುವುದು ಅನ್ಯಾಯ. ಅವರ ಹೊತ್ತಗೆಗಳನ್ನು ಪ್ರತಿಮಾಡಿಸಿ ಕಾಪಾಡುವ ಹೊಣೆಯನ್ನು ನಮ್ಮ ವಿದ್ಯಾಸಂಸ್ಥೆಗಳು, ಓದಿ ಹೇಳಬಲ್ಲ ಹಿರಿಯರು ಇರುವಾಗಲೇ, ವಹಿಸಿಕೊಳ್ಳತಕ್ಕದ್ದು.