ತಂತಿಯ ಮೈಮೇಲಿನ ತರಂಗ

ಕೇಬಲ್ ಟೆಲಿವಿಷನ್ನಿನ ತಂತಿಯನ್ನು ಅಡ್ಡಲಾಗಿ ಕತ್ತರಿಸಿ ನೋಡಿದ್ದೀರಾ? ನಡುವೆ ತಾಮ್ರದ ಎಳೆ, ಸುತ್ತ ಪ್ಲಾಸ್ಟಿಕ್, ಅದರಾಚೆ ಲೋಹದ ಜಾಲರಿ. ಸಂಕೇತ ಹೊರಗೆ ಸೋರದಂತೆ ಕಾಯುವುದು ಈ ಜಾಲರಿ. ಅದಿಲ್ಲದ ಒಂಟಿ ತಂತಿಯ ಗುಂಟವೂ ವಿದ್ಯುತ್ಕಾಂತ ತರಂಗ ಸಾಗಬಲ್ಲದೆಂದು 1899ರಲ್ಲಿ ಗಣಿತದಿಂದ ತೋರಿಸಿದವರು ಜರ್ಮನಿಯ ಆರ್ನಾಲ್ಡ್ ಸೋಮರ್‌ಫೆಲ್ಡ್. ಇಲ್ಲಿ ತರಂಗ ತಂತಿಯೊಳಗೆ ಹರಿಯುವುದಿಲ್ಲ. ಅದರ ಮೈಗೆ ಅಂಟಿಕೊಂಡು ಸುತ್ತಲಿನ ಗಾಳಿಯಲ್ಲಿ ಹರಿಯುತ್ತದೆ. ಇದೇ ಮೇಲ್ಮೈ ತರಂಗ. ಆದರೆ ಹಿಡಿತ ಸಡಿಲ. ತಂತಿ ಬಾಗಿದಲ್ಲಿ ತರಂಗ ಕಳಚಿಕೊಂಡು ಹೊರಟುಬಿಡುತ್ತದೆ.

ಹಿಡಿತವನ್ನು ಬಿಗಿ ಮಾಡುವ ಉಪಾಯವನ್ನು 1950ರಲ್ಲಿ ಅಮೆರಿಕದಲ್ಲಿ ಜಾರ್ಜ್ ಗೌಬೌ ವಿವರಿಸಿದರು. ತಂತಿಗೆ ತೆಳುವಾದ ನಿರೋಧಕ ಲೇಪ ಕೊಡಿ, ಇಲ್ಲವೇ ಮೈಮೇಲೆ ಗೀರು ಗೀರಾಗಿ ಕಚ್ಚು ಮಾಡಿ. ತರಂಗದ ವೇಗ ತಗ್ಗಿ, ಅದು ತಂತಿಯ ಹತ್ತಿರಕ್ಕೆ ಸರಿಯುತ್ತದೆ. ದೂರದ ಊರುಗಳಿಗೆ ಟೆಲಿವಿಷನ್ ಸಂಕೇತ ಒಯ್ಯಲು ಈ 'ಜಿ-ಲೈನ್' ಅಲ್ಲಿ ಬಳಕೆಗೂ ಬಂತು.

ಈ ಕಥೆಯಲ್ಲಿ ಬೆಂಗಳೂರಿಗೂ ಪಾಲುಂಟು. ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು 1953ರಲ್ಲಿ ಮರಳಿದ ರಾಜೇಶ್ವರಿ ಚಟರ್ಜಿ ಮತ್ತು ಅವರ ಪತಿ ಶಿಶಿರ್ ಕುಮಾರ್ ಚಟರ್ಜಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೋವೇವ್ ಸಂಶೋಧನೆಗೆ ನೆಲೆ ಹಾಕಿದರು. ಲೋಹದ ತಂತಿ, ಕಚ್ಚು ಕೊರೆದ ಸರಳುಗಳ ಮೇಲಿನ ತರಂಗಗಳು ಅಲ್ಲಿ ದಶಕಗಳ ಕಾಲ ಅಭ್ಯಾಸದ ವಿಷಯವಾಗಿದ್ದವು.

ಅದೇ ಪ್ರಶ್ನೆ ಟೆರಾಹರ್ಟ್ಸ್ ಯುಗದಲ್ಲಿ ಮತ್ತೆ ಎದ್ದಿತು. ಸೆಕೆಂಡಿಗೆ ಲಕ್ಷ ಕೋಟಿ ಬಾರಿ ಕಂಪಿಸುವ ಈ ಅಲೆಯ ಉದ್ದ ಕೇವಲ 0.3 ಮಿಲಿಮೀಟರ್. 2004ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದ ವಾಂಗ್ ಮತ್ತು ಮಿಟಲ್‌ಮನ್ ಬರಿಯ ಸ್ಟೀಲ್ ತಂತಿಯ ಮೇಲೆ ಇಂಥ ಅಲೆಗಳನ್ನು ಅಲ್ಪ ನಷ್ಟದಲ್ಲಿ ಸಾಗಿಸಿ ತೋರಿಸಿದರು. ಬಾಗಿದಲ್ಲಿ ಸೋರುವ ಹಳೆಯ ತೊಂದರೆ ಮಾತ್ರ ಉಳಿದೇ ಇತ್ತು. ಅದೇ ವರ್ಷ ಲಂಡನ್ನಿನ ಜಾನ್ ಪೆಂಡ್ರಿ ಮತ್ತು ಸಂಗಡಿಗರು, ಅಲೆಯುದ್ದಕ್ಕಿಂತ ಕಿರಿದಾದ ಗುಳಿಗಳಿಂದ ಲೋಹದ ಮೈಯ ಹಿಡಿತವನ್ನು ಬೇಕಾದಂತೆ ಹೊಂದಿಸಬಹುದೆಂದರು. 2006ರಲ್ಲಿ ಸ್ಟೀಫನ್ ಮೈಯರ್ ಮತ್ತು ಸಹೋದ್ಯೋಗಿಗಳು ಆ ವಿಚಾರವನ್ನು ಕಚ್ಚು ಕೊರೆದ ತಂತಿಗೆ ಅನ್ವಯಿಸಿದರು.

ಹಾಗಾದರೆ ಕಚ್ಚನ್ನು ಆಳವಾಗಿಸಿದರೆ ಸಾಕಲ್ಲವೇ ಎಂದು ನೀವು ಕೇಳಬಹುದು. ಸಾಲದು. ಅಲೆ ಲೋಹಕ್ಕೆ ಒತ್ತಿಕೊಂಡಷ್ಟೂ ಅದರ ತೆಳು ಚರ್ಮದಲ್ಲಿ ಇಲೆಕ್ಟ್ರಾನುಗಳ ತಾಕಲಾಟ ಹೆಚ್ಚಿ, ಶಕ್ತಿ ಶಾಖವಾಗಿ ಕಳೆದುಹೋಗುತ್ತದೆ. ಸಡಿಲ ಬಿಟ್ಟರೆ ತಿರುವಿನಲ್ಲಿ ಸೋರಿಕೆ, ಬಿಗಿ ಹಿಡಿದರೆ ದಾರಿಯುದ್ದಕ್ಕೂ ಶಾಖ. ನೂರು ವರ್ಷ ದಾಟಿದರೂ ಈ ಲೆಕ್ಕ ಬದಲಾಗಿಲ್ಲ. ಆದ್ದರಿಂದ ಕಚ್ಚಿನ ಆಳವನ್ನು ಗೊತ್ತುಮಾಡುವ ಮೊದಲು ಕೇಳಬೇಕಾದದ್ದು ಎರಡೇ: ಅಲೆ ಎಷ್ಟು ದೂರ ಹೋಗಬೇಕು, ನಡುವೆ ಎಷ್ಟು ತಿರುವುಗಳಿವೆ?