ಹೆರಿಗೆ ದಫ್ತರಗಳ ಸಾಕ್ಷ್ಯ: ಗರ್ಭದಲ್ಲಿ ಕುಂದಿದ ಬೆಳವಣಿಗೆಯನ್ನು ಕುರಿತು

ಅರಸರು ತಮ್ಮನ್ನು ಚಿನ್ನಕ್ಕೆ ಸರಿತೂಗಿಸಿಕೊಂಡು ದಾನಮಾಡಿದ ಸಂಗತಿ ನಮ್ಮ ಶಾಸನಗಳಲ್ಲಿ ದೊರೆಯುತ್ತದೆ. ಸಾಮಾನ್ಯ ಹೆಂಗಸೊಬ್ಬಳ ಹಸುಗೂಸನ್ನು ತೂಗಿ, ಆ ತೂಕವನ್ನು ಬರೆದಿಟ್ಟು ಕಾಪಾಡಿಕೊಂಡು ಬಂದ ಪದ್ಧತಿಯಾದರೋ ತೀರ ಈಚಿನದು. ಮೈಸೂರಿನ ಜನರು ಮಿಷನ್ ಆಸ್ಪತ್ರೆಯೆಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳು ದಫ್ತರಕ್ಕೇರಿದುವು. ಬರೆದವರಿಗೆ ಅದು ನಿತ್ಯದ ಕೆಲಸ. ಅರುವತ್ತು ವರ್ಷಗಳ ತರುವಾಯ ಅದೊಂದು ಐತಿಹಾಸಿಕ ಆಕರವಾದೀತೆಂದು ಅವರು ಎಣಿಸಿರಲಾರರು.

ಗರ್ಭದಲ್ಲಿ ಬೆಳವಣಿಗೆ ಕುಂದಿದ ಶಿಶುವಿನ ಮುಂದಿನ ಬಾಳು ಏನಾಗುತ್ತದೆಂಬ ಪ್ರಶ್ನೆ ಬಹುಕಾಲ ಸ್ಪಷ್ಟವಾಗಿರಲಿಲ್ಲ. 2500 ಗ್ರಾಮನ್ನು ಮೀರದ ಕೂಸನ್ನೆಲ್ಲ ಅಕಾಲದಲ್ಲಿ ಹುಟ್ಟಿದುದೆಂದೇ ಗಣಿಸುತ್ತಿದ್ದರು. 1961ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞ ಸಮಿತಿಯು ಇದಕ್ಕೆ ‘ಕಡಿಮೆ ಜನನತೂಕ’ವೆಂಬ ಹೆಸರನ್ನು ಸೂಚಿಸಿತು. ತಿಂಗಳು ತುಂಬದ ಕೂಸು ಬೇರೆ, ತಿಂಗಳು ತುಂಬಿಯೂ ಬೆಳೆಯದ ಕೂಸು ಬೇರೆ ಎಂಬ ವಿವೇಚನೆಗೆ ಇದರಿಂದ ಎಡೆಯಾಯಿತು.

ಇಂಗ್ಲೆಂಡಿನ ಹರ್ಟ್‌ಫರ್ಡ್‌ಷೈರಿನಲ್ಲಿ 1911ರಿಂದ ಬರೆದಿಟ್ಟಿದ್ದ ಇಂಥವೇ ಪುಸ್ತಕಗಳನ್ನು ಪರಿಶೀಲಿಸಿ, ಶೈಶವದಲ್ಲಿ ಕಡಿಮೆ ತೂಗಿದ ಗಂಡಸರಲ್ಲಿ ಹೃದ್ರೋಗದ ಮರಣ ಹೆಚ್ಚೆಂದು ಡೇವಿಡ್ ಬಾರ್ಕರ್ ಮತ್ತು ಅವರ ಸಂಗಡಿಗರು 1989ರಲ್ಲಿ ಪ್ರಕಟಿಸಿದರು. ಅದೇ ಕ್ರಮದಲ್ಲಿ ಮೈಸೂರಿನ ದಫ್ತರಗಳ ಶೋಧವೂ ನಡೆಯಿತು. 1934ರಿಂದ 1954ರವರೆಗೆ ಆ ಆಸ್ಪತ್ರೆಯಲ್ಲಿ ಹುಟ್ಟಿ, ಅದರ ಸಮೀಪದಲ್ಲಿಯೇ ವಾಸವಾಗಿದ್ದ 517 ಜನರ ಪರೀಕ್ಷೆಯ ಫಲ 1996ರಲ್ಲಿ ಹೊರಬಂದಿತು. ಹುಟ್ಟುವಾಗ 2.5 ಕಿಲೋಗ್ರಾಮನ್ನು ಮೀರದಿದ್ದವರಲ್ಲಿ ಹೃದ್ರೋಗ ನೂರಕ್ಕೆ 11, 3.1 ಕಿಲೋಗ್ರಾಮು ಮತ್ತು ಮೇಲ್ಪಟ್ಟವರಲ್ಲಿ 3. ತಾನೂ ಕಡಿಮೆ ತೂಗಿ, ತಾಯಿಯೂ ಬಸಿರಿನಲ್ಲಿ 45 ಕಿಲೋಗ್ರಾಮಿಗೆ ಕಡಿಮೆಯಿದ್ದವರಲ್ಲಿ ಅದು 20ಕ್ಕೇರಿತ್ತು. ನಮಗೆ ಈ ಕೊನೆಯ ಅಂಕಿಯೇ ಮುಖ್ಯವೆನಿಸುತ್ತದೆ. ಕೂಸಿನ ತೂಕದ ಹಿಂದೆ ತಾಯಿಯ ಊಟದ ಕಥೆಯೂ ಅಡಗಿದೆ.

ಆದರೆ ಎಲ್ಲ ರೋಗವನ್ನೂ ಒಂದೇ ಕಾರಣಕ್ಕೆ ಕಟ್ಟುವ ಉತ್ಸಾಹ ಸಲ್ಲದು. ಇದೇ ದಫ್ತರಗಳಿಂದ ಹೊರಟ 1998ರ ಲೇಖನವೊಂದರಲ್ಲಿ ಮಧುಮೇಹಕ್ಕೂ ಕಡಿಮೆ ಜನನತೂಕಕ್ಕೂ ಸಂಬಂಧ ಕಾಣಲಿಲ್ಲ. ಉದ್ದ ಕಡಿಮೆಯಿದ್ದು ದಪ್ಪನಾಗಿ ಹುಟ್ಟಿದವರಲ್ಲಿಯೇ ಅದು ಹೆಚ್ಚಾಗಿತ್ತು.

ಮಕ್ಕಳ ಬುದ್ಧಿಯ ವಿಷಯದಲ್ಲಿ ಸಾಕ್ಷ್ಯ ಇನ್ನೂ ಸೂಕ್ಷ್ಮ. ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ ಆರಂಭವಾದ ಮತ್ತೊಂದು ಅಧ್ಯಯನದಲ್ಲಿ, ತಿಂಗಳು ತುಂಬಿ ಹುಟ್ಟಿದ 505 ಮಕ್ಕಳನ್ನು ಒಂಬತ್ತು ಹತ್ತರ ವಯಸ್ಸಿನಲ್ಲಿ ಪರೀಕ್ಷಿಸಲಾಯಿತು. ಹುಟ್ಟಿನ ತೂಕವೂ ತಲೆಯ ಅಳತೆಯೂ ಹೆಚ್ಚಿದಂತೆ ಕಲಿತು ನೆನಪಿಡುವ ಶಕ್ತಿ ತುಸು ಹೆಚ್ಚುತ್ತಿತ್ತು. ಅಂತರ ಅಲ್ಪವೇ, ಒಂದೊಂದು ಮಗುವಿನ ಹಣೆಬರಹವನ್ನು ಹೇಳಲು ಅದು ಸಾಲದು. ಹಾಲೆಂಡಿನಲ್ಲಿ 1944–45ರ ಚಳಿಗಾಲದ ಕ್ಷಾಮದಲ್ಲಿ ತಾಯಂದಿರು ಹಸಿದಿದ್ದ ಗಂಡುಮಕ್ಕಳನ್ನು ಹತ್ತೊಂಬತ್ತನೆಯ ವಯಸ್ಸಿನಲ್ಲಿ ಸೈನ್ಯಕ್ಕಾಗಿ ಪರೀಕ್ಷಿಸಿದಾಗ ಬುದ್ಧಿಯಲ್ಲಿ ಕೊರತೆ ಕಾಣಲಿಲ್ಲವೆಂದು 1972ರ ಅಧ್ಯಯನ ತಿಳಿಸಿತು. ಕೆಲವು ತಿಂಗಳ ಹಸಿವು ಬೇರೆ, ತಲೆಮಾರುಗಳ ಅರೆಹೊಟ್ಟೆ ಬೇರೆ; ಈ ಎರಡು ಫಲಿತಾಂಶಗಳನ್ನು ನೇರವಾಗಿ ಎದುರುಬದುರು ನಿಲ್ಲಿಸುವುದು ನಮಗೆ ಒಪ್ಪಿಗೆಯಿಲ್ಲ.

ಇತಿಹಾಸದ ವಿದ್ಯಾರ್ಥಿಗಳು ಕೇಳಬೇಕಾದ ಪ್ರಶ್ನೆಯೊಂದು ಉಳಿದಿದೆ: ದಫ್ತರದಲ್ಲಿ ಯಾರಿಲ್ಲ? 517 ಜನರೆಂದರೆ ಆಸ್ಪತ್ರೆಯಲ್ಲಿ ಹುಟ್ಟಿ, ಬದುಕುಳಿದು, ಊರು ಬಿಡದೆ ಇದ್ದವರು ಮಾತ್ರ. ತೀರ ಹಗುರವಾಗಿ ಹುಟ್ಟಿ ವರ್ಷ ತುಂಬುವ ಮೊದಲೇ ತೀರಿಕೊಂಡವರು ಈ ಲೆಕ್ಕಕ್ಕೆ ಬರುವುದಿಲ್ಲ. ಅದೇ ವರ್ಷಗಳಲ್ಲಿ ಸೂಲಗಿತ್ತಿಯರ ಕೈಯಲ್ಲಿ ಮನೆಯಲ್ಲಿಯೇ ಹುಟ್ಟಿದವರೂ ಬರುವುದಿಲ್ಲ. ಅವರನ್ನು ತಕ್ಕಡಿಗಿಡುವ ರೂಢಿಯೇ ಇರಲಿಲ್ಲ.