ಒಂದು ಮತದ ಬೆಲೆ

ಮತದಾರರು ಆರಿಸಿ ಕಳುಹಿಸಿದ ಶಾಸಕನನ್ನು ಅವಧಿ ಮುಗಿಯುವ ಮೊದಲೇ ಅದೇ ಮತದಾರರು ಮನೆಗೆ ಕಳುಹಿಸಬಹುದೆ? ನಮ್ಮ ದೇಶದಲ್ಲಿ ಶಾಸಕರು ಹಾಗೂ ಸಂಸತ್ ಸದಸ್ಯರ ವಿಷಯದಲ್ಲಿ ಇದಕ್ಕೆ ಅವಕಾಶವಿಲ್ಲ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಈ ಹಕ್ಕು ಜನರಿಗಿದೆ. ಅದನ್ನು ‘ರೀಕಾಲ್’, ಅಂದರೆ ಹಿಂದಕ್ಕೆ ಕರೆಸಿಕೊಳ್ಳುವುದು ಎನ್ನುತ್ತಾರೆ. ಈ ಹಕ್ಕಿನ ಬಲವೇನು, ಮಿತಿಯೇನು ಎಂಬುದನ್ನು ವಿಸ್ಕಾನ್ಸಿನ್ ರಾಜ್ಯದ ಸೆನೆಟ್ ಸದಸ್ಯ ಜಾರ್ಜ್ ಪೆಟಕ್ ಅವರ ಕಥೆ ಚೆನ್ನಾಗಿ ತಿಳಿಸುತ್ತದೆ.

ವಿಸ್ಕಾನ್ಸಿನ್ ತನ್ನ ಸಂವಿಧಾನದಲ್ಲಿ ಈ ಹಕ್ಕನ್ನು ಸೇರಿಸಿದ್ದು 1926ರಲ್ಲಿ. ಶಾಸಕನ ಅವಧಿಯ ಮೊದಲ ವರ್ಷ ಕಳೆದಿರಬೇಕು. ಹಿಂದಿನ ರಾಜ್ಯಪಾಲರ ಚುನಾವಣೆಯಲ್ಲಿ ಆ ಕ್ಷೇತ್ರದಲ್ಲಿ ಬಿದ್ದ ಮತಗಳ ಶೇಕಡಾ 25ರಷ್ಟು ಸಹಿಗಳನ್ನು 60 ದಿನಗಳೊಳಗೆ ಸಂಗ್ರಹಿಸಬೇಕು. ಶಾಸಕ ಅಪರಾಧ ಮಾಡಿದ್ದಾನೆಂದು ಸಾಬೀತು ಮಾಡಬೇಕಾಗಿಲ್ಲ. ಜನರ ಅಸಮಾಧಾನವೇ ಸಾಕು. ಹೀಗಿದ್ದರೂ ಸುಮಾರು 70 ವರ್ಷಗಳ ಕಾಲ ಅಲ್ಲಿ ಒಬ್ಬ ಶಾಸಕನೂ ಈ ರೀತಿ ಪದಚ್ಯುತನಾಗಲಿಲ್ಲ.

ರಿಪಬ್ಲಿಕನ್ ಪಕ್ಷದ ಪೆಟಕ್ ರೆಸೀನ್ ಪ್ರದೇಶದಿಂದ 1990ರಲ್ಲಿ ಸೆನೆಟ್‌ಗೆ ಆಯ್ಕೆಯಾದರು. 1994ರಲ್ಲಿ ಪುನಃ ಗೆದ್ದರು. ಆ ವೇಳೆಗೆ ನೆರೆಯ ಮಿಲ್ವಾಕೀ ನಗರದ ಬೇಸ್‌ಬಾಲ್ ತಂಡ ಬ್ರೂವರ್ಸ್ ಹೊಸ ಕ್ರೀಡಾಂಗಣಕ್ಕಾಗಿ ಒತ್ತಾಯಿಸುತ್ತಿತ್ತು. 1953ರಲ್ಲಿ ತೆರೆದ ಹಳೆಯ ಕ್ರೀಡಾಂಗಣ ಸಾಲದಾಗಿತ್ತು. ಹೊಸದು ಸಿಗದಿದ್ದರೆ ತಂಡ ಊರು ಬಿಡಬಹುದೆಂಬ ಆತಂಕ ಹರಡಿತು. ನಿರ್ಮಾಣದ ಹಣಕ್ಕಾಗಿ ಮಿಲ್ವಾಕೀ ಸೇರಿದಂತೆ ಐದು ಕೌಂಟಿಗಳಲ್ಲಿ ಶೇಕಡಾ 0.1ರ ಮಾರಾಟ ತೆರಿಗೆ ಹಾಕುವ ಮಸೂದೆ ಬಂತು. ನೂರು ಡಾಲರ್ ಖರೀದಿಗೆ ಹತ್ತು ಸೆಂಟು. ಮೊತ್ತ ಸಣ್ಣದಾದರೂ, ಪಕ್ಕದೂರಿನ ಕ್ರೀಡಾಂಗಣಕ್ಕೆ ತಾವೇಕೆ ತೆರಿಗೆ ಕೊಡಬೇಕೆಂಬುದು ರೆಸೀನ್ ಜನರ ಪ್ರಶ್ನೆಯಾಗಿತ್ತು. ರೆಸೀನ್ ಕೌಂಟಿಯನ್ನು ಸೇರಿಸಿದರೆ ಮಸೂದೆಯನ್ನು ಬೆಂಬಲಿಸುವುದಿಲ್ಲವೆಂದು ಪೆಟಕ್ ಮಾತು ಕೊಟ್ಟಿದ್ದರು.

1995ರ ಅಕ್ಟೋಬರ್ 6ರಂದು, ರಾತ್ರಿಯಿಡೀ ನಡೆದ ಅಧಿವೇಶನದ ಕೊನೆಗೆ, ಬೆಳಗಿನ ಜಾವ ಪೆಟಕ್ ತಮ್ಮ ಮತ ಬದಲಾಯಿಸಿದರು. ಮಸೂದೆ 16-15ರಿಂದ ಅಂಗೀಕಾರವಾಯಿತು. ಅವರ ಒಂದು ಮತ ಆಚೆ ಬಿದ್ದಿದ್ದರೆ ಅದು ಸೋಲುತ್ತಿತ್ತು. ಮಸೂದೆಯನ್ನು ಬಲವಾಗಿ ಬೆಂಬಲಿಸಿದ್ದ ರಾಜ್ಯಪಾಲ ಟಾಮಿ ಥಾಮ್ಸನ್ ಅದಕ್ಕೆ ಸಹಿ ಹಾಕಿದರು.

ರೆಸೀನ್‌ನಲ್ಲಿ ಸಹಿ ಸಂಗ್ರಹ ಆರಂಭವಾಯಿತು. 1996ರ ಜೂನ್‌ನಲ್ಲಿ ನಡೆದ ಚುನಾವಣೆಯಲ್ಲಿ ಡೆಮಾಕ್ರಟಿಕ್ ಪಕ್ಷದ ಕಿಂಬರ್ಲಿ ಪ್ಲಾಶೆ ಗೆದ್ದರು. ವಿಸ್ಕಾನ್ಸಿನ್ ಇತಿಹಾಸದಲ್ಲಿ ಹೀಗೆ ಸ್ಥಾನ ಕಳೆದುಕೊಂಡ ಮೊದಲ ಶಾಸಕ ಪೆಟಕ್. ಪರಿಣಾಮ ಅಲ್ಲಿಗೇ ನಿಲ್ಲಲಿಲ್ಲ. 33 ಸದಸ್ಯರ ಸೆನೆಟ್‌ನಲ್ಲಿ ರಿಪಬ್ಲಿಕನ್ನರಿಗಿದ್ದುದು ಒಂದೇ ಸ್ಥಾನದ ಬಹುಮತ. ಅದು ಈಗ ಡೆಮಾಕ್ರಟರ ಕೈಗೆ ಹೋಯಿತು. ಒಂದು ಕ್ಷೇತ್ರದ ಕೋಪ ಇಡೀ ಸದನದ ಅಧಿಕಾರವನ್ನೇ ಬದಲಿಸಿತು.

ಆದರೆ ತೆರಿಗೆ ಹೋಗಲಿಲ್ಲ. ಕ್ರೀಡಾಂಗಣ 2001ರಲ್ಲಿ ತೆರೆಯಿತು, ತಂಡ ಮಿಲ್ವಾಕೀಯಲ್ಲೇ ಉಳಿಯಿತು. ರೆಸೀನ್ ಜನ ಆ ತೆರಿಗೆಯನ್ನು 2020ರ ಮಾರ್ಚ್‌ವರೆಗೂ ಕಟ್ಟಿದರು.

ಪ್ರತಿನಿಧಿ ಮತದಾರರ ಮಾತಿನಂತೆ ನಡೆಯಬೇಕೆ, ಇಲ್ಲ ತನ್ನ ವಿವೇಕದಂತೆ ನಡೆಯಬೇಕೆ ಎಂಬುದು ಹಳೆಯ ಪ್ರಶ್ನೆ. ವಿವೇಕವೇ ದೊಡ್ಡದೆಂದು 1774ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಮತದಾರರಿಗೆ ಹೇಳಿದ್ದ ಎಡ್ಮಂಡ್ ಬರ್ಕ್, 1780ರಲ್ಲಿ ಆ ಕ್ಷೇತ್ರವನ್ನೇ ಬಿಡಬೇಕಾಯಿತು. ಪೆಟಕ್ ಪ್ರಕರಣದಲ್ಲಿ ಇನ್ನೊಂದು ಅಂಶವೂ ಇದೆ: ಅವರು ಮೊದಲೇ ಮಾತು ಕೊಟ್ಟಿದ್ದರು. ವಿವೇಕ ಬದಲಾಗಬಹುದು, ಆದರೆ ಬದಲಾದಾಗ ಜನರೆದುರು ನಿಂತು ಕಾರಣ ಹೇಳಿ ಅವರನ್ನು ಒಪ್ಪಿಸುವ ಹೊಣೆಯೂ ಪ್ರತಿನಿಧಿಯದೇ. ರೀಕಾಲ್ ಪೆಟಕ್ ಅವರ ಸ್ಥಾನವನ್ನು ಕಿತ್ತುಕೊಂಡಿತು. ಅವರ ಮತವನ್ನು ಹಿಂದಕ್ಕೆ ತರಲಿಲ್ಲ. ಈ ಹಕ್ಕು ನಮಗೂ ಬೇಕೆ ಎಂದು ಚರ್ಚಿಸುವವರು ಈ ಎರಡೂ ಸಂಗತಿಗಳನ್ನು ಒಟ್ಟಿಗೆ ತೂಗಿ ನೋಡಬೇಕು.